ಒಂಟೆಯ ಕಾಲು ಉಳಿಸುವ ಸಕ್ಕರೆ ಅಚ್ಚು

ಸಂಕ್ರಾಂತಿಗೆ ಎಂಟು ದಿನ ಇದೆ ಅನ್ನುವಾಗ ನಮ್ಮನೆ ಅಟ್ಟದಿಂದ ಮರದ ಅಚ್ಚುಗಳ ಡಬ್ಬ ಇಳಿಯುತ್ತೆ. ನಮ್ಮತ್ತೆ ಮೈಸೂರಿನಿಂದ ತಂದಿದ್ದು, ಒಟ್ಟು 14 ಜೊತೆ. ತುಳಸಿಕಟ್ಟೆ, ನವಿಲು, ಮೀನು, ಗಣಪತಿ, ಮತ್ತೆ ಒಂದು ಒಂಟೆ. ಆ ಒಂಟೆಯ ಕಾಲು ಮುರಿಯದೆ ಈಚೆ ಬಂದ ವರ್ಷ ನಾನು ಪಳಗಿದೆ ಅಂತ ಅತ್ತೆ ಒಪ್ಪಿಕೊಂಡಿದ್ದು. ಸಕ್ಕರೆ ಅಚ್ಚು ಅಂಗಡಿಯಲ್ಲಿ ರಾಶಿ ರಾಶಿ ಸಿಗುತ್ತಲ್ಲ ಅಂತೀರಿ. ಸಿಗುತ್ತೆ, ನಾನೂ ತಂದಿದ್ದೀನಿ. ಆದರೆ ಎಳ್ಳು ಬೀರೋಕೆ ಹೋದ ಮನೆಯಲ್ಲಿ "ಇದು ನೀವೇ ಮಾಡಿದ್ದಾ?" ಅಂತ ಕೇಳಿದಾಗ ಆಗೋ ಖುಷಿ ಅಂಗಡಿಯಲ್ಲಿ ಸಿಗಲ್ಲ ಕಣ್ರೀ.

ಹಿಂದಿನ ರಾತ್ರಿಯೇ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ. ಒಣಮರಕ್ಕೆ ಪಾಕ ಹುಯ್ದರೆ ಹಿಡಿದುಕೊಂಡು ಬಿಡುತ್ತೆ, ಆಮೇಲೆ ಚಾಕು ಹಾಕಿ ಕೀಳಬೇಕು. ಬೆಳಿಗ್ಗೆ ನೀರು ಕೊಡವಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಎರಡು ಭಾಗ ಸರಿಯಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಇದು ನಮ್ಮ ಯಜಮಾನರ ಕೆಲಸ. ಬಾಯಿ ಮೇಲಕ್ಕೆ ಬರುವ ಹಾಗೆ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿಟ್ಟುಕೊಳ್ಳಿ. ಪಾಕ ಬಂದ ಮೇಲೆ ಹುಡುಕಾಡೋಕೆ ಸಮಯ ಇರಲ್ಲ.

1 ಕೆ.ಜಿ. ಸಕ್ಕರೆಗೆ ಅದು ಮುಳುಗುವಷ್ಟು ಮಾತ್ರ ನೀರು. ಕರಗಿ ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ. ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತೆ. ಬಿಳಿ ಸಕ್ಕರೆಯಲ್ಲಿ ಇಷ್ಟು ಕೊಳೆ ಇತ್ತಾ ಅಂತ ಮೊದಲ ಸಲ ನೋಡಿದವರು ಬೆಚ್ಚುತ್ತಾರೆ. ನೊರೆ ತೆಗೆದು, ಇನ್ನೆರಡು ಚಮಚ ಹಾಲು ಹಾಕಿ, ಮತ್ತೆ ತೆಗೆದು, ಒದ್ದೆ ಮಾಡಿ ಹಿಂಡಿದ ತೆಳು ಪಂಚೆಯಲ್ಲಿ ಶೋಧಿಸಿ. ಪಾಕ ತಿಳಿಯಾಗದಿದ್ದರೆ ಅಚ್ಚು ಮಣ್ಣುಬಣ್ಣ.

ಇಲ್ಲಿಂದ ಮುಂದೆ ಆತುರ ಮಾಡಿದವರೆಲ್ಲ ಕೆಟ್ಟರು. ಇಡೀ ಪಾಕವನ್ನು ಒಟ್ಟಿಗೆ ಕಾಯಿಸಬೇಡಿ. ಹಿಡಿ ಇರುವ ಸಣ್ಣ ಬಾಣಲೆಗೆ ಎರಡು ಸೌಟು ಮಾತ್ರ ಹಾಕಿಕೊಳ್ಳಿ, ಎರಡು ಮೂರು ಅಚ್ಚಿಗೆ ಸಾಕಾಗುವಷ್ಟು. ದೊಡ್ಡ ಗುಳ್ಳೆಗಳು ಬಂದು ಪಾಕ ಮಂದವಾಗುತ್ತಿದ್ದ ಹಾಗೆ ಒಲೆಯಿಂದ ಇಳಿಸಿ, ಮರದ ಸೌಟಿನಿಂದ ಬಾಣಲೆಯ ಪಕ್ಕಕ್ಕೆ ಉಜ್ಜಿ ಉಜ್ಜಿ ತಿರುಗಿಸಿ. ಗಾಜಿನಂತಿದ್ದ ಪಾಕ ಅಂಚಿನಲ್ಲಿ ಮಂಜು ಕಟ್ಟಿದ ಹಾಗೆ ಬೆಳ್ಳಗಾಗುತ್ತಾ ಬರುತ್ತೆ. ಉಜ್ಜಿದಷ್ಟೂ ಹರಳು ಸಣ್ಣ, ಹರಳು ಸಣ್ಣ ಆದಷ್ಟೂ ಅಚ್ಚು ನುಣುಪು. ತಟ್ಟೆಗೆ ಒಂದು ತೊಟ್ಟು ಬಿಟ್ಟು ನೋಡಿ: ಬೆಳ್ಳಗೆ ಗಟ್ಟಿಯಾದರೆ ತಕ್ಷಣ ಹುಯ್ಯಿರಿ, ಅಂಟಂಟಾಗೇ ಇದ್ದರೆ ಮತ್ತೆ ಒಲೆ ಮೇಲಿಡಿ. ಒಂದು ನಿಮಿಷ ತಡವಾದರೂ ಬಾಣಲೆಯಲ್ಲೇ ಕಲ್ಲಾಗುತ್ತೆ. ಆದರೂ ಗಾಬರಿ ಬೇಡ, ಸ್ವಲ್ಪ ನೀರು ಹಾಕಿ ಕರಗಿಸಿದರೆ ಮತ್ತೆ ಪಾಕವೇ.

ನಿಂಬೆರಸದ ವಿಷಯ. ಬೆಳ್ಳಗಾಗುತ್ತೆ ಅಂತ ಯಾರೋ ಹೇಳಿದ್ದು ಕೇಳಿ ಮದುವೆಯಾದ ವರ್ಷ ಅರ್ಧ ಹೋಳು ಹಿಂಡಿದ್ದೆ. ಹುಳಿ ಬಿದ್ದ ಸಕ್ಕರೆ ಹರಳುಗಟ್ಟೋಕೆ ಒಪ್ಪಲ್ಲ. ಗಣಪತಿಯೂ ನವಿಲೂ ಅಚ್ಚಿನೊಳಗೇ ಅಂಟಾಗಿ ಕೂತವು. ಅತ್ತೆ ಏನೂ ಅನ್ನಲಿಲ್ಲ, ಉಳಿದ ಪಾಕವನ್ನು ಬಾಟಲಿಗೆ ತುಂಬಿಟ್ಟರು. ರಾಮನವಮಿವರೆಗೂ ನಮ್ಮನೆಯಲ್ಲಿ ಪಾನಕಕ್ಕೆ ಬರವಿರಲಿಲ್ಲ. ಈಗ ನಾನು ನಿಂಬೆ ಮುಟ್ಟಲ್ಲ.

ಹುಯ್ದು ಹತ್ತು ನಿಮಿಷ ಬಿಡಿ. ರಬ್ಬರ್ ಬ್ಯಾಂಡ್ ತೆಗೆದು, ಒಂದು ಭಾಗವನ್ನು ನೇರ ಮೇಲಕ್ಕೆ ಎತ್ತಿ, ಪಕ್ಕಕ್ಕೆ ತಿರುಚಬೇಡಿ. ಒಂಟೆಯ ಕಾಲು ಹೋಗೋದೇ ಆ ತಿರುಚಿನಲ್ಲಿ. ಅಂಚಿನಲ್ಲಿ ಇಳಿದ ಸಕ್ಕರೆಯನ್ನು ಚಾಕುವಿನಿಂದ ಮೆಲ್ಲಗೆ ಕೆರೆಯಿರಿ. ಬಣ್ಣ ಬೇಕಾದವರು ಉಜ್ಜುವ ಮೊದಲೇ ಬಾಣಲೆಗೆ ಒಂದು ತೊಟ್ಟು ಹಾಕಿಕೊಳ್ಳಬಹುದು. ನನಗೆ ಬಿಳಿಯೇ ಚೆಂದ. ಮುಂದಿನ ಸರದಿಗೆ ಅಚ್ಚನ್ನು ಮತ್ತೆ ನೀರಿಗೆ ಅದ್ದಿ ಒರೆಸೋದು ಮರೆಯಬೇಡಿ.

ಮೋಡ ಕವಿದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ, ತೇವಕ್ಕೆ ಅಚ್ಚು ಬೆವರುತ್ತೆ. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿ. ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಸಣ್ಣಗೆ ಹೆಚ್ಚಿದ ಒಣಕೊಬ್ಬರಿ, ಬೆಲ್ಲದಚ್ಚು ಬೆರೆಸಿದ ಎಳ್ಳಿನ ಜೊತೆ ಒಂದು ತುಂಡು ಕಬ್ಬು, ಬಾಳೆಹಣ್ಣು, ಮೇಲೊಂದು ಸಕ್ಕರೆ ಅಚ್ಚು. ಮೊದಲು ಯಾರ ಮನೆಗೆ ಗಣಪತಿ, ಯಾರಿಗೆ ಮೀನು ಅಂತ ಮಕ್ಕಳೇ ತೀರ್ಮಾನಿಸುತ್ತಾರೆ. ಮುರಿದ ಕಾಲು, ಕಿವಿ, ಬಾಲವೆಲ್ಲ ಬೇರೆ ಡಬ್ಬಕ್ಕೆ ಹೋಗುತ್ತೆ. ಶಿವರಾತ್ರಿವರೆಗೂ ನಮ್ಮ ಕಾಫಿಗೆ ಅದೇ ಸಕ್ಕರೆ.