ದಿಕ್ಕು ತೋಚದಿದ್ದಾಗ: ನಾಲ್ಕು ವಾರಗಳ ಲೆಕ್ಕದ ಪುಸ್ತಕ

ಬದುಕಿನಲ್ಲಿ ನಾನು ಮಾಡಬೇಕಾದದ್ದೇನು ಎಂಬ ಪ್ರಶ್ನೆ ಏಕಾಂತದಲ್ಲಿ ಹುಟ್ಟುವುದು ಅಪರೂಪ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ‘ಈಗ ಏನು ಮಾಡ್ತಾ ಇದೀಯಪ್ಪಾ?’ ಎಂದು ಕೇಳಿದಾಗ, ಜೊತೆಗೆ ಓದಿದವರ ಗೃಹಪ್ರವೇಶದ ಕರೆಯೋಲೆ ವಾಟ್ಸ್ಆ್ಯಪ್‌ನಲ್ಲಿ ಬಂದಾಗ, ಇಲ್ಲವೇ ನೇಮಕಾತಿಯ ಅಂತಿಮ ಪಟ್ಟಿಯಲ್ಲಿ ಹೆಸರಿಲ್ಲವೆಂದು ತಿಳಿದ ಸಂಜೆ ಅದು ತಲೆ ಎತ್ತುತ್ತದೆ. ಆದ್ದರಿಂದ ಉತ್ತರಕ್ಕೆ ಕೈಹಾಕುವ ಮೊದಲು, ಪ್ರಶ್ನೆ ಯಾವ ನೋವಿನಿಂದ ಎದ್ದಿದೆ ಎಂಬುದನ್ನು ಬಿಡಿಸಿ ನೋಡಬೇಕು. ಸಂಬಳ ಸಾಲದಿರುವುದು, ಮೇಲಧಿಕಾರಿಯ ಕಿರುಕುಳ, ಎರಡು ವರ್ಷದಿಂದ ರಜೆಯನ್ನೇ ಹಾಕದ ದಣಿವು, ಇವೆಲ್ಲ ನಿಜವಾದ ತೊಂದರೆಗಳೇ. ಆದರೆ ಇವುಗಳಿಗಾಗಿ ಬದುಕಿನ ದಾರಿಯನ್ನೇ ಬದಲಿಸಲು ಹೊರಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಇಲ್ಲಿಯೇ ಇನ್ನೊಂದು ಎಚ್ಚರಿಕೆಯನ್ನು ಹೇಳಬೇಕು. ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟು, ಊಟ ರುಚಿಸದೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಅದನ್ನು ಗುರಿ ಇಲ್ಲದ ಬದುಕು ಎಂದು ಕರೆದುಕೊಂಡು ಕೊರಗುವ ಬದಲು ವೈದ್ಯರನ್ನು ಕಾಣುವುದು ಮೊದಲ ಕೆಲಸ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವಾಗಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮುಂದೆ ಹೇಳುವ ವಿಧಾನವು ಆರೋಗ್ಯ ನೆಟ್ಟಗಿದ್ದು ದಾರಿ ಮಾತ್ರ ಕಾಣದವರಿಗಾಗಿ.

ನಾಲ್ಕು ವೃತ್ತಗಳನ್ನು ಬರೆದು, ಅವು ಕೂಡುವ ಜಾಗದಲ್ಲಿ ನಿಮ್ಮ ಇಕಿಗೈ, ಅಂದರೆ ಬದುಕಿಗೆ ಅರ್ಥ ಕೊಡುವ ಸಂಗತಿ, ಇದೆ ಎಂದು ತೋರಿಸುವ ಚಿತ್ರವನ್ನು ಬಹಳ ಜನ ನೋಡಿರುತ್ತಾರೆ. ಜಪಾನಿನ ಸಂಪ್ರದಾಯದಲ್ಲಿ ಅಂಥ ಚಿತ್ರವಿಲ್ಲ. ಸ್ಪೇನಿನ ಲೇಖಕರೊಬ್ಬರು ಬರೆದಿದ್ದ ಚಿತ್ರದ ನಡುವೆ ಬ್ರಿಟನ್ನಿನ ಬ್ಲಾಗ್ ಬರಹಗಾರರೊಬ್ಬರು 2014ರಲ್ಲಿ ಆ ಪದವನ್ನು ಸೇರಿಸಿದರು. ಜಪಾನಿನವರು ಮೊಮ್ಮಗುವಿಗೂ, ಮುಂಜಾನೆಯ ಕೈತೋಟಕ್ಕೂ ಅದೇ ಪದ ಬಳಸುತ್ತಾರೆ. ನಾನೂ ಒಮ್ಮೆ ಆ ವೃತ್ತಗಳನ್ನು ತುಂಬಿಸಿದ್ದೆ. ನಾನು ಬರೆದದ್ದೆಲ್ಲ ನನ್ನ ಬಗ್ಗೆ ನಾನು ನಂಬಲು ಬಯಸಿದ್ದ ಸಂಗತಿಗಳೇ ಆಗಿದ್ದವು.

ಅದಕ್ಕಿಂತ ನಂಬಬಹುದಾದ ಸಾಧನವೆಂದರೆ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂಥ ಒಂದು ನೋಟುಬುಕ್ಕು. ನಾಲ್ಕು ವಾರ, ದಿನವೂ ಮಲಗುವ ಮುನ್ನ, ಅದರಲ್ಲಿ ಮೂರು ಸಾಲು ಬರೆಯಬೇಕು. ಹೊತ್ತು ಹೋದದ್ದೇ ತಿಳಿಯದಂತೆ ಇಂದು ಏನು ಮಾಡಿದೆ ಎಂಬುದು ಮೊದಲನೆಯ ಸಾಲು. ಯಾವ ಕೆಲಸ ಮಾಡುವಾಗ ಮತ್ತೆ ಮತ್ತೆ ಗಡಿಯಾರ ನೋಡಿದೆ ಎಂಬುದು ಎರಡನೆಯದು. ಏನನ್ನು ಕಂಡಾಗ ‘ಇದು ಹೀಗಿರಬಾರದು’ ಎಂದು ಮನಸ್ಸಿಗೆ ಚುಚ್ಚಿತು ಎಂಬುದು ಮೂರನೆಯದು. ಅನಿಸಿಕೆ, ಸಂಕಲ್ಪ, ಆಸೆ ಯಾವುದನ್ನೂ ಬರೆಯಕೂಡದು. ನಡೆದದ್ದನ್ನು ಮಾತ್ರ ಬರೆಯಬೇಕು. ವಾರದ ನಡುವೆ ಹಿಂದಿನ ಪುಟ ತಿರುವಿ ಓದುವುದೂ ಬೇಡ, ಓದಿದರೆ ಮರುದಿನದ ಸಾಲುಗಳು ಅದಕ್ಕೆ ಹೊಂದುವಂತೆ ಬದಲಾಗತೊಡಗುತ್ತವೆ.

ನಾನು ಪದವಿ ಮುಗಿಸಿ ನಾಲ್ಕು ವರ್ಷ ನಾಗರಿಕ ಸೇವೆಯ ಪರೀಕ್ಷೆಗೆ ಓದಿ, ಅದು ಕೈಹಿಡಿಯದೆ, ಖಾಸಗಿ ಕಚೇರಿಯೊಂದರಲ್ಲಿದ್ದ ಕಾಲದ ಪುಸ್ತಕ ಇನ್ನೂ ನನ್ನ ಬಳಿ ಇದೆ. ‘ಸೋಮವಾರ: ಮೇಲ್ಮನೆಯ ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿತ್ತು. ಕಾಗದ ಜೋಡಿಸಿ, ನಾಡಕಚೇರಿಗೆ ಕರೆದುಕೊಂಡು ಹೋದೆ. ಎರಡು ಗಂಟೆ ಹೋದದ್ದು ತಿಳಿಯಲಿಲ್ಲ.’ ‘ಗುರುವಾರ: ತಿಂಗಳ ವರದಿ. ಐದು ಸಲ ಗಡಿಯಾರ ನೋಡಿದೆ.’ ‘ಶನಿವಾರ: ಅಕ್ಕನ ಮಗನಿಗೆ ಭಿನ್ನರಾಶಿ. ಚಪಾತಿ ಹರಿದು ತೋರಿಸಿದ ಮೇಲೆ ಅರ್ಥವಾಯಿತು. ಅವನು ಆರನೇ ಒಂದು ಭಾಗವನ್ನು ತಿಂದುಬಿಟ್ಟ.’ ಇಪ್ಪತ್ತೆಂಟು ದಿನಗಳ ಬಳಿಕ ಎಣಿಸಿದಾಗ, ಮೊದಲ ಸಾಲಿನಲ್ಲಿ ಒಂಬತ್ತು ಸಲ ಯಾರಿಗೋ ತಿಳಿಯದ ಸಂಗತಿಯನ್ನು ಬಿಡಿಸಿ ಹೇಳಿದ ಕೆಲಸವೇ ಇತ್ತು. ಆಡಳಿತ ನಡೆಸಬೇಕೆಂಬ, ನಾಲ್ಕು ವರ್ಷ ನಾನು ನಂಬಿ ಕೂತಿದ್ದ ಆಸೆಯ ಸುಳಿವು ಎಲ್ಲಿಯೂ ಇರಲಿಲ್ಲ. ಕೌಂಟರಿನ ಒಳಗಿನ ಕುರ್ಚಿಗಿಂತ, ಹೊರಗೆ ಅರ್ಜಿ ಹಿಡಿದು ನಿಂತವರ ಪಕ್ಕದ ಜಾಗ ನನಗೆ ಹಿತವಾಗಿತ್ತು.

ಮೂರನೆಯ ಸಾಲನ್ನು ಹಗುರವಾಗಿ ಕಾಣಬಾರದು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರಿಗೆ, ವಿದೇಶಿಯರು ಹಣ್ಣಿನ ಬೆಲೆ ಕೇಳಿದ್ದು ಅರ್ಥವಾಗದೆ ಹೋದ ಮುಜುಗರವೇ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸುವುದಕ್ಕೆ ಮೂಲವಾಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾದದ್ದು ಆ ಕೆಲಸಕ್ಕೆ. ತಮ್ಮ ಪ್ರತಿಭೆ ಯಾವುದೆಂದು ಅವರು ಹುಡುಕುತ್ತಾ ಕೂತಿದ್ದರೆ ಉತ್ತರ ಸಿಗುತ್ತಿತ್ತೋ ಇಲ್ಲವೋ. ಚುಚ್ಚಿದ್ದು ಯಾವುದೆಂದು ಮಾತ್ರ ಅವರಿಗೆ ಸ್ಪಷ್ಟವಾಗಿತ್ತು.

ಪುಸ್ತಕದಿಂದ ಒಂದೆರಡು ದಿಕ್ಕುಗಳು ಕಂಡ ಮೇಲೆ, ತಿಂಗಳಿಗೆ ಎಷ್ಟು ದುಡ್ಡು ಸಾಕು ಎಂಬ ಸಂಖ್ಯೆಯನ್ನು ಬರೆದಿಡಬೇಕು. ಬಾಡಿಗೆ, ದಿನಸಿ, ಸಾಲದ ಕಂತು, ತಂದೆತಾಯಿಯ ಔಷಧಿ ಇಷ್ಟನ್ನು ಕೂಡಿದರೆ ಅದು ಸಿಗುತ್ತದೆ. ಗಂಡ ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಲಕ್ಕಮ್ಮನಿಗೆ ತನ್ನ ಮನೆಯ ಆ ಲೆಕ್ಕ ಬಾಯಿಪಾಠವಾಗಿತ್ತು. ನಮ್ಮಲ್ಲಿ ಹಲವರಿಗೆ ಅದು ಗೊತ್ತಿಲ್ಲದ್ದರಿಂದಲೇ ಯಾವ ದಾರಿಯೂ ಸಾಲದ್ದಾಗಿ ಕಾಣುತ್ತದೆ.

ಇನ್ನು ಮುಖ್ಯವಾದದ್ದು ಪರೀಕ್ಷಿಸಿ ನೋಡುವುದು, ಅದೂ ಕೆಲಸ ಬಿಡದೆ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಮಲೆನಾಡಿನಲ್ಲಿ ಅಡಿಕೆ ತೋಟ ಮಾಡುವ ಕನಸಿರುವವರು, ಜಮೀನು ನೋಡುವುದಕ್ಕೆ ಮೊದಲು ಕೊಯ್ಲಿನ ಕಾಲದಲ್ಲಿ ಒಂದು ವಾರ ಪರಿಚಯದವರ ಮನೆಯಲ್ಲಿ ಉಳಿಯಬೇಕು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಬರುತ್ತೇನೆಂದ ದಿನ ಬಾರದಿರುವುದನ್ನು, ರಾತ್ರಿ ಸುಲಿಯಲು ಕೂತಾಗ ಬೆರಳಿಗೆ ಹತ್ತುವ ಕರೆಯನ್ನು, ಒಣಗಲು ಹರಡಿದ ಮೇಲೆ ಆಕಾಶದಲ್ಲಿ ಕಾಣುವ ಮೋಡವನ್ನು ಅನುಭವಿಸಬೇಕು. ನೆಟ್ಟ ಸಸಿ ಫಸಲು ಕೊಡಲು ಐದಾರು ವರ್ಷ ಬೇಕೆಂಬುದನ್ನೂ ಮನೆಯವರ ಬಾಯಿಂದಲೇ ಕೇಳಬೇಕು. ಅಷ್ಟಾದ ಮೇಲೂ ಮನಸ್ಸು ಅತ್ತಲೇ ಎಳೆದರೆ ಆ ಎಳೆತಕ್ಕೆ ಬೆಲೆಯಿದೆ. ಶಿಕ್ಷಕರಾಗಬೇಕೆನ್ನುವವರು ಬಿ.ಎಡ್.ಗೆ ಎರಡು ವರ್ಷ ಕೊಡುವ ಮುನ್ನ ಆರು ಭಾನುವಾರ ಬೀದಿಯ ನಾಲ್ಕು ಮಕ್ಕಳಿಗೆ ಪಾಠ ಹೇಳಲಿ. ಕೈಕೆಲಸ ಅಥವಾ ಸ್ವಂತ ವ್ಯಾಪಾರದ ಒಲವಿದ್ದವರಿಗೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ತರಬೇತಿ ಸಂಸ್ಥೆಗಳಿವೆ; ಅಲ್ಲಿ ನಿರುದ್ಯೋಗಿ ಯುವಜನರಿಗೆ ಊಟ, ವಸತಿ ಸಹಿತ ಉಚಿತವಾಗಿ ಅಲ್ಪಾವಧಿಯ ತರಬೇತಿ ಕೊಡುತ್ತಾರೆ. ಪ್ರಯತ್ನ ಯಾವುದೇ ಇರಲಿ, ಮುಗಿಯುವ ದಿನಾಂಕವನ್ನು ಮೊದಲೇ ಗೊತ್ತುಮಾಡಿರಬೇಕು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಈ ದಿನಾಂಕ ಎಲ್ಲರಿಗಿಂತ ಹೆಚ್ಚು ಬೇಕು. ಕೇಂದ್ರ ಲೋಕಸೇವಾ ಆಯೋಗ ಸಾಮಾನ್ಯ ವರ್ಗದ ಅಭ್ಯರ್ಥಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ 32 ವಯಸ್ಸಿನವರೆಗೆ ಆರು ಅವಕಾಶ ಕೊಡುತ್ತದೆ ಎಂದರೆ ಆರನ್ನೂ ಬಳಸಿಯೇ ತೀರಬೇಕೆಂದು ಅರ್ಥವಲ್ಲ. ಅದು ಆಯೋಗ ಹಾಕಿದ ಗಡಿ. ನಿಮ್ಮ ಗಡಿಯನ್ನು ನೀವೇ ಬರೆದು, ಕೋಣೆಯ ಜೊತೆಗಾರರೊಬ್ಬರ ಸಹಿ ಹಾಕಿಸಿ ಇಟ್ಟುಕೊಳ್ಳುವುದು ಮೇಲು. ಧಾರವಾಡದ ಬಾಡಿಗೆ ಕೋಣೆಗಳಲ್ಲಿ ‘ಇದೊಂದು ಸಲ’ ಎಂಬ ಮಾತನ್ನು ನಾನು ಆಡಿದ್ದೇನೆ, ಬೇರೆಯವರಿಂದ ಕೇಳಿಯೂ ಇದ್ದೇನೆ.

ಒಂದೇ ದಿಕ್ಕು ಸಿಗಲಿಲ್ಲವೆಂದು ಗಾಬರಿಪಡಬೇಕಾಗಿಲ್ಲ. ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟ ಶಿವರಾಮ ಕಾರಂತರು ಖಾದಿ ಪ್ರಚಾರ, ಪತ್ರಿಕೆ, ನಾಟಕ, ಪುತ್ತೂರಿನ ಬಾಲವನದ ಮಕ್ಕಳ ಶಿಕ್ಷಣ, ಯಕ್ಷಗಾನ, ವಿಜ್ಞಾನ ಬರಹ, ಕಾದಂಬರಿ ಎಂದು ಕೈಯಾಡಿಸದ ಕ್ಷೇತ್ರವಿಲ್ಲ. ಎಂಬತ್ತು ದಾಟಿದ ಮೇಲೆ ಕೈಗಾ ಅಣುಸ್ಥಾವರದ ವಿರುದ್ಧ ಹೋರಾಟಕ್ಕೂ ಇಳಿದರು. ಆದರೆ ಅವರು ಹಿಡಿದದ್ದನ್ನೆಲ್ಲ ದುಡಿದು ನೋಡಿದವರು. ಪ್ರತಿ ತಿಂಗಳು ಹೊಸ ಆನ್‌ಲೈನ್ ಕೋರ್ಸಿಗೆ ಹಣ ಕಟ್ಟಿ ಎರಡನೇ ಪಾಠಕ್ಕೆ ಬಿಡುವುದನ್ನು ಅದಕ್ಕೆ ಹೋಲಿಸಲಾಗದು.

ಮನೆಯಲ್ಲಿ ಈ ವಿಷಯ ತೆಗೆಯುವಾಗ ‘ನನ್ನ ಬದುಕಿನ ಉದ್ದೇಶ’ ಎಂದು ಆರಂಭಿಸಿದರೆ ಹಿರಿಯರು ಹೆದರುತ್ತಾರೆ. ಕೆಲಸ ಬಿಟ್ಟು ಬಂದಿದ್ದಾನೆಂದೇ ಅವರ ಎಣಿಕೆ. ‘ಅಪ್ಪಾ, ಕೆಲಸ ಬಿಡೋದಿಲ್ಲ. ದೀಪಾವಳಿವರೆಗೆ ಭಾನುವಾರ ಮಾತ್ರ ಜನರ ಅರ್ಜಿ, ಕಾಗದ ನೋಡಿಕೊಡೋದಕ್ಕೆ ಕೊಡ್ತೀನಿ, ಆಮೇಲೆ ಏನಾಯ್ತು ಅಂತ ನಿಮಗೇ ಹೇಳ್ತೀನಿ’ ಎಂದಾಗ ನನ್ನ ತಂದೆ ಪತ್ರಿಕೆಯಿಂದ ತಲೆ ಎತ್ತದೆ ‘ಸಂಬಳ ಬರುತ್ತಲ್ಲ?’ ಎಂದಷ್ಟೇ ಕೇಳಿದರು. ದೀಪಾವಳಿ ಕಳೆದ ವಾರ, ನಾನು ಬಾಯಿ ಬಿಡುವ ಮೊದಲೇ, ತಮ್ಮ ಪಿಂಚಣಿಯ ಜೀವಿತ ಪ್ರಮಾಣಪತ್ರದ ಕಾಗದಗಳನ್ನೂ ತಮ್ಮ ಇಬ್ಬರು ಗೆಳೆಯರ ಕಾಗದಗಳನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಮೇಜಿನ ಮೇಲೆ ಇಟ್ಟಿದ್ದರು.