ಪೊಲೀಸ್ ಫೈರಿಂಗ್ ಸುದ್ದಿ ನಾನು ಡೆಸ್ಕಲ್ಲಿ ಹೇಗೆ ತಿದ್ದುತೀನಿ

ಪತ್ರಿಕೆಯೊಂದರ ಬಳ್ಳಾರಿ ಎಡಿಷನ್ ಡೆಸ್ಕಲ್ಲಿ ಕೆಲಸ ನಂದು, ಕ್ರೈಂ ಸುದ್ದಿ ಬಹುತೇಕ ನನ್ನ ಕೈ ಮೇಲೇ ಪೇಜಿಗೆ ಹೋಗುತ್ತೆ. ಪೊಲೀಸರು ಗುಂಡು ಹಾರಿಸಿದ ಸುದ್ದಿ ಯಾವ ತಾಲ್ಲೂಕಿಂದ ಬಂದ್ರೂ ಕಾಪಿ ಒಂದೇ ತರ ಇರುತ್ತೆ. 'ಸದ್ದು ಮಾಡಿದ ಖಾಕಿ ಗನ್, ಆರೋಪಿ ಕಾಲಿಗೆ ಗುಂಡೇಟು' ಅಂತ ಹೆಡ್ಡಿಂಗ್, ಕೆಳಗೆ ಸ್ಥಳ ಮಹಜರಿಗೆ ಕರೆದೊಯ್ದಾಗ ಹಲ್ಲೆ ಮಾಡಿ ಪರಾರಿಯಾಗಲು ಯತ್ನಿಸಿದ, ಆತ್ಮರಕ್ಷಣೆಗೆ ಫೈರಿಂಗ್, ಮುಗೀತು. ಗನ್ನೇ ಸದ್ದು ಮಾಡುತ್ತೆ, ಗುಂಡೇ ಹೋಗಿ ಬೀಳುತ್ತೆ, ಹೊಡೆದವರು ಯಾರು ಅಂತ ಹುಡುಕಬೇಕು. ಮಹಜರ್ ಜಾಗದಲ್ಲಿ ನಮ್ಮ ವರದಿಗಾರ ಇರೋದೇ ಇಲ್ಲ, ವಾಟ್ಸಾಪಲ್ಲಿ ಬಂದ ಪೊಲೀಸ್ ನೋಟನ್ನ ಕಣ್ಣಾರೆ ಕಂಡವರ ತರ ಬರೆದು ಕಳಿಸಿರ್ತಾನೆ.

ನಾನು ಮೊದಲು ಲೀಡ್, ಅಂದ್ರೆ ಸುದ್ದಿಯ ಶುರುವಿನ ಸಾಲನ್ನ ಒಡೀತೀನಿ. 'ನಗರದ ಹೊರವಲಯದಲ್ಲಿ ಗುರುವಾರ ನಸುಕಿನಲ್ಲಿ ಪೊಲೀಸರು ದರೋಡೆ ಪ್ರಕರಣದ ಆರೋಪಿಯೊಬ್ಬನ ಬಲಗಾಲಿಗೆ ಗುಂಡು ಹಾರಿಸಿದ್ದಾರೆ.' ಇದು ಮೊದಲನೇ ವಾಕ್ಯ, ಯಾರು ಯಾರಿಗೆ ಏನು ಮಾಡಿದ್ರು ಅಷ್ಟೇ. ಯಾಕೆ ಅನ್ನೋದು ಎರಡನೇದು, 'ಕಾನ್‌ಸ್ಟೆಬಲ್ ಮೇಲೆ ಚಾಕುವಿನಿಂದ ಹಲ್ಲೆ ಮಾಡಿ ಓಡಲು ಯತ್ನಿಸಿದ್ದರಿಂದ ಗುಂಡು ಹಾರಿಸಬೇಕಾಯಿತು ಎಂದು ಎಸ್ಪಿ ತಿಳಿಸಿದ್ದಾರೆ.' ಒಬ್ಬ ವರದಿಗಾರ ಹುಡುಗ ಫೋನ್ ಮಾಡಿ 'ಸರ್, ಎಸ್ಪಿ ಸಾಹೇಬ್ರೇ ಹೇಳ್ಯಾರಲ್ರೀ, ಮತ್ತೇನು ಡೌಟು' ಅಂದ, ಅವರು ಹೇಳಿದ್ರೆ ಅವರು ಹೇಳಿದ್ರು ಅಂತಾನೇ ಬರಿಯಪ್ಪಾ, ಅದರಲ್ಲಿ ಅವರಿಗೂ ಅವಮಾನ ಇಲ್ಲ ಅಂದೆ. ದರೋಡೆಕೋರ, ಕಿರಾತಕ, ಕಾಮುಕ ಇವೆಲ್ಲ ತೆಗೀತೀನಿ, ಕೋರ್ಟ್ ತೀರ್ಪು ಬರೋವರೆಗೂ ಆತ ಆರೋಪಿ.

2019ರ ಡಿಸೆಂಬರ್ 6ಕ್ಕೆ ಹೈದರಾಬಾದ್ ಹತ್ರ ನಾಲ್ವರು ಆರೋಪಿಗಳನ್ನ ಪೊಲೀಸರು ಗುಂಡಿಕ್ಕಿ ಕೊಂದಾಗ ಆರೋಪಿಗಳೇ ಪೊಲೀಸರ ಪಿಸ್ತೂಲ್ ಕಸಿದುಕೊಂಡ್ರು ಅನ್ನೋ ಕಥೆಯನ್ನ ಎಷ್ಟೋ ಕಡೆ ನಡೆದ ಸಂಗತಿ ಅಂತಾನೇ ಹಾಕಿದ್ರು, ಜನ ಪೊಲೀಸರ ಮೇಲೆ ಹೂವು ಹಾಕಿದ್ರು. 2022ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗದ ವರದಿ ಹೊರಗೆ ಬಂತು, ಕೊಲ್ಲೋ ಉದ್ದೇಶದಿಂದಲೇ ಗುಂಡು ಹಾರಿಸಿದ್ದು ಅಂತ ಇತ್ತು ಅದರಲ್ಲಿ. 'ಎಂದು ಪೊಲೀಸರು ಹೇಳಿದ್ದಾರೆ' ಅಂತ ಸೇರಿಸಿದ್ದ ಪತ್ರಿಕೆಯ ವಾಕ್ಯ ಇವತ್ತಿಗೂ ನಿಜಾನೇ, ಸೇರಿಸದೇ ಇದ್ದವರದ್ದು ಸುಳ್ಳಾಗಿ ನಿಂತಿದೆ.

ನನ್ನ ಪ್ರಕಾರ ನಿಜವಾದ ಸುದ್ದಿ ಶುರುವಾಗೋದೇ ಮರುದಿನ, ಆದ್ರೆ ಅಲ್ಲಿಗೆ ಎಲ್ಲರೂ ಕೈ ತೊಳ್ಕೊಂಡಿರ್ತಾರೆ. ಪಿಯುಸಿಎಲ್ ಅನ್ನೋ ಮಾನವ ಹಕ್ಕು ಸಂಘಟನೆಯ ಕೇಸಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 16 ನಿರ್ದೇಶನ ಕೊಟ್ಟಿದೆ, ಅದರ ಪ್ರಿಂಟ್ ನನ್ನ ಟೇಬಲ್ ಮೇಲೇ ಇರುತ್ತೆ. ಎನ್‌ಕೌಂಟರಲ್ಲಿ ಸಾವಾದ್ರೆ ಎಫ್‌ಐಆರ್ ಆಗ್ಬೇಕು, ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡ್ಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗ್ಬೇಕು, ಘಟನೆ ಆದ ತಕ್ಷಣ ಶೌರ್ಯ ಪ್ರಶಸ್ತಿ, ಬಡ್ತಿ ಕೊಡೋ ಹಾಗಿಲ್ಲ. ಗಾಯಾಳು ಇದ್ರೆ ಚಿಕಿತ್ಸೆ ಕೊಡಿಸಿ ಅವನ ಹೇಳಿಕೆಯನ್ನ ಮ್ಯಾಜಿಸ್ಟ್ರೇಟ್ ಅಥವಾ ವೈದ್ಯಾಧಿಕಾರಿ ದಾಖಲಿಸಬೇಕು. ಆ 16ರ ಕೆಳಗೆ ಕೋರ್ಟ್ ಹೇಳಿರೋದು ಏನಂದ್ರೆ ತೀವ್ರ ಗಾಯದ ಪ್ರಕರಣಕ್ಕೂ ಇವೆಲ್ಲ ಸಾಧ್ಯವಾದಷ್ಟು ಅನ್ವಯ, ಅಂದ್ರೆ ಕಾಲಿಗೆ ಬಿದ್ದ ಗುಂಡನ್ನ ಚಿಕ್ಕ ಸುದ್ದಿ ಅಂತ ಬಿಡೋ ಹಾಗಿಲ್ಲ.

ಹಾಗಾಗಿ ವರದಿಗಾರನ್ನ ಮರುದಿನ ವಿಮ್ಸ್ ಆಸ್ಪತ್ರೆಗೆ ಕಳಿಸ್ತೀನಿ. ಆರೋಪಿಯ ಗಾಯ ಅಷ್ಟೇ ಅಲ್ಲ, ಕಾನ್‌ಸ್ಟೆಬಲ್ ಗಾಯವನ್ನೂ ಕೇಳ್ಕೊಂಡು ಬಾ, ಎಷ್ಟು ಹೊಲಿಗೆ, ಯಾವ ಕೈಗೆ, ಅಡ್ಮಿಟ್ ಆಗ್ಯಾರಾ ಮನೆಗೆ ಹೋದ್ರಾ ಅಂತ, ಯಾಕಂದ್ರೆ ಗಾಯ ಆಗಿರೋದು ನಿಜ ಆದ್ರೆ ಅದೂ ಸರಿಯಾಗಿ ಬರಬೇಕು, ಡ್ಯೂಟಿಲಿ ಚಾಕು ಏಟು ತಿಂದವನಿಗೆ ಅಷ್ಟು ಮರ್ಯಾದೆ ನಾವು ಕೊಡ್ಲೇಬೇಕು. ಮನೆಯವರನ್ನೂ ಮಾತಾಡಿಸಬೇಕು, ಅವರು ಮಾತಾಡಲ್ಲ ಅಂದ್ರೆ ಹಾಗೇ ಬರೀಬೇಕು. ಠಾಣೆಯಲ್ಲಿ ಎಫ್‌ಐಆರ್ ಬಗ್ಗೆ ಬಾಯಿ ಬಿಡದಿದ್ರೆ 'ಮಾಹಿತಿ ನೀಡಿಲ್ಲ' ಅಂತ ಒಂದು ಸಾಲು ಹಾಕ್ತೀನಿ, ಆ ಸಾಲು ಅಚ್ಚಾದ ಮೇಲೆ ಎಷ್ಟೋ ಸಲ ಮಧ್ಯಾಹ್ನದೊಳಗೆ ಎಫ್‌ಐಆರ್ ಕಾಪಿ ತಾನಾಗೇ ಆಫೀಸಿಗೆ ಬಂದಿದೆ.