ತುಮಕೂರಿನ ಮಕ್ಕಳಿಗೆ ಮೃಗಾಲಯ ತೋರಿಸುವ ಬಗೆ

ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ, ಆ ದಿನ ಬಿಡಿ. ತುಮಕೂರಿನಿಂದ ಬೆಳಗ್ಗೆ ಐದಕ್ಕೇ ಬಸ್ಸು ಹೊರಡಲಿ. ತಡವಾದರೆ ಬಿಸಿಲಿಗೆ ಹುಲಿ, ಚಿರತೆ ನೆರಳಲ್ಲಿ ಮಲಗಿರುತ್ತವೆ, ಮಕ್ಕಳು ಕೂಗಿ ಎಬ್ಬಿಸಲು ನೋಡುತ್ತಾರೆ. ಪ್ಲಾಸ್ಟಿಕ್ ಬೇಡ, ಸ್ಟೀಲ್ ಬಾಟಲಿ ಸಾಕು. ಜಿಂಕೆ ನುಂಗಿದ ಕವರ್ ಹೊಟ್ಟೆಯಲ್ಲೇ ಉಳಿದು ಮೇವು ಮುಂದೆ ಸಾಗದಂತೆ ಮಾಡುತ್ತದೆ.

1892ರಲ್ಲಿ ಚಾಮರಾಜೇಂದ್ರ ಒಡೆಯರ್ ಇದನ್ನು ಕಟ್ಟಿಸಿದ ಕಥೆಯನ್ನು ಬಸ್ಸಿನಲ್ಲೇ ಹೇಳಿ ಮುಗಿಸಿ. ಒಳಗೆ ಎಲ್ಲವನ್ನೂ ತೋರಿಸಲು ಓಡಬೇಡಿ. ಕೃಷ್ಣಮೃಗದ ಮುಂದೆ ಕಾಲು ಗಂಟೆ ನಿಲ್ಲಿ: ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣ ಸುತ್ತ ಬಿಳಿ ಉಂಗುರ, ತಿರುಚಿದ ಕೊಂಬು, ಹೆಣ್ಣು ಕಂದು, ಸಾಮಾನ್ಯವಾಗಿ ಕೊಂಬಿಲ್ಲ. ಮಕ್ಕಳು ಇದನ್ನು ಬರೆದುಕೊಳ್ಳಲಿ.

ಯಾಕೆಂದರೆ ಅದೇ ಪ್ರಾಣಿ ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಲ್ಲಿ ಸ್ವತಂತ್ರವಾಗಿ ಓಡುತ್ತಿದೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು, 798 ಎಕರೆ. ಮುಂದಿನ ವಾರವೇ ಅಲ್ಲಿಗೆ ಕರೆದೊಯ್ಯಿರಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಎಳೆ ಬಿಸಿಲಿಗೆ. ವಾಹನ ದಾರಿಯಲ್ಲೇ ನಿಲ್ಲಲಿ, ಹಿಂಡಿನ ಹಿಂದೆ ಓಡಿಸಬೇಡಿ. ಬೆದರಿದರೆ ಮರಿಗಳು ತಾಯಿಯಿಂದ ಬೇರೆಯಾಗುತ್ತವೆ. ‘ಗಿಡ ನೆಡೋಣ’ ಎಂದು ಸಸಿ ಒಯ್ಯುವುದು ಬಲು ಸಾಮಾನ್ಯ ತಪ್ಪು. ಕೃಷ್ಣಮೃಗ ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವ ಪ್ರಾಣಿ. ಹುಲ್ಲುಗಾವಲಿಗೆ ಮರ ತುಂಬಿದರೆ ಅದರ ಮೇವೂ ಹೋಯಿತು, ನೋಟವೂ ಹೋಯಿತು. ಸಸಿಯ ಬದಲು ದುರ್ಬೀನು ಒಯ್ಯಿರಿ, ಐದು ಮಕ್ಕಳಿಗೊಂದು.